ರಿಪಬ್ಲಿಕನ್ ಪ್ರೈಮರಿ: ಅಭ್ಯರ್ಥಿಯ ಸಂಪ್ರದಾಯನಿಷ್ಠೆಯನ್ನು ಒರೆಗೆ ಹಚ್ಚುವುದು ಹೇಗೆ?

ಕೇಳಿದವರು (ಅಯೋವಾ)

ಅಮೆರಿಕದ ಪೌರತ್ವ ಸಿಕ್ಕಿ ಹೆಚ್ಚು ದಿನವಾಗಿಲ್ಲ. 2028ರಲ್ಲಿ ರಿಪಬ್ಲಿಕನ್ ಕಾಕಸ್‌ಗೆ (ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಮತದಾರರು ಸೇರುವ ಸಭೆ) ಹೋಗುವ ಮನಸ್ಸಿದೆ. ಗರ್ಭಪಾತ, ಮದುವೆ, ಮಕ್ಕಳ ಶಾಲೆ, ಧಾರ್ಮಿಕ ಸ್ವಾತಂತ್ರ್ಯ, ಈ ನಾಲ್ಕರಲ್ಲಿ ಗಟ್ಟಿಯಾಗಿ ನಿಲ್ಲುವವರನ್ನೇ ಆರಿಸಬೇಕು ಅಂತಿದೆ. ಆದರೆ ವೇದಿಕೆ ಹತ್ತಿದರೆ ಎಲ್ಲರದೂ ಒಂದೇ ರಾಗ. ಬಾಯಿಮಾತು ಯಾವುದು, ನಿಜ ಯಾವುದು ಅಂತ ಬಲ್ಲವರು ಹೇಗೆ ತಿಳಿಯುತ್ತೀರಿ? ನಾವು ಹಿಂದೂಗಳು. ಇವಾಂಜೆಲಿಕಲ್ (ಬೈಬಲ್‌ನಿಷ್ಠ ಪ್ರೊಟೆಸ್ಟಂಟ್ ಕ್ರೈಸ್ತ) ಮತದಾರರು ಹಿಡಿದಿರುವ ಅಳತೆಗೋಲು ನಮಗೂ ಹೊಂದುತ್ತದೆಯೇ?

ಡಲ್ಲಾಸ್‌ನಿಂದ

ಭಾಷಣ ಬಿಡಿ, ಸಹಿ ನೋಡಿ. ಅಭ್ಯರ್ಥಿ ಗವರ್ನರ್ ಆಗಿದ್ದವರಾದರೆ ಮೂರು ಕಡತ ತೆಗೆಯಿರಿ: ಸಹಿ ಹಾಕಿದ ಮಸೂದೆಗಳು, ವೀಟೋ ಮಾಡಿದ ಮಸೂದೆಗಳು, ಸಹಿ ಹಾಕಿದ ಮೇಲೆ ಒತ್ತಡ ಬಂದು ತಿದ್ದಿದ ಮಸೂದೆಗಳು. ಮೂರನೆಯದನ್ನು ಯಾರೂ ನೋಡುವುದಿಲ್ಲ, ಮನುಷ್ಯ ಗೊತ್ತಾಗುವುದು ಅಲ್ಲೇ. ಮೈಕ್ ಪೆನ್ಸ್ ಇಂಡಿಯಾನಾದ ಗವರ್ನರ್ ಆಗಿದ್ದಾಗ 2015ರ ಮಾರ್ಚ್ 26ರಂದು ಧಾರ್ಮಿಕ ಸ್ವಾತಂತ್ರ್ಯದ ಕಾನೂನಿಗೆ ಸಹಿ ಹಾಕಿದರು. ದೊಡ್ಡ ಕಂಪನಿಗಳು ತಿರುಗಿ ಬಿದ್ದವು, ಒಂದೇ ವಾರದಲ್ಲಿ ತಿದ್ದುಪಡಿಗೂ ಸಹಿ ಬಿತ್ತು. ಸಂಪ್ರದಾಯವಾದಿಗಳಲ್ಲಿ ಅವರಿಗಿಂತ ನಿಷ್ಠರು ಸಿಗುವುದು ಕಷ್ಟ, ಆದರೂ ಹೀಗಾಯಿತು. ಹಾಗಾಗಿ ನಂಬಿಕೆ ಬೇರೆ, ಒತ್ತಡ ತಡೆಯುವ ಶಕ್ತಿ ಬೇರೆ ಅಂತ ಎರಡನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಿ.

ವೀಟೋಗೆ ಉದಾಹರಣೆ ಆರ್ಕನ್ಸಾದ ಏಸಾ ಹಚಿನ್ಸನ್. ಅಪ್ರಾಪ್ತರಿಗೆ ಲಿಂಗ ಪರಿವರ್ತನೆಯ ಚಿಕಿತ್ಸೆ ಕೊಡುವುದನ್ನು ನಿಷೇಧಿಸುವ ಮಸೂದೆಯನ್ನು 2021ರ ಏಪ್ರಿಲ್‌ನಲ್ಲಿ ತಡೆದರು. ಶಾಸನಸಭೆ ಮಾರನೇ ದಿನವೇ ಆ ವೀಟೋವನ್ನು ತಳ್ಳಿಹಾಕಿತು. 2024ರ ಅಯೋವಾ ಕಾಕಸ್‌ನಲ್ಲಿ ಅವರಿಗೆ ಬಿದ್ದ ಮತ 191. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಟ್ರಂಪ್ ಅವರನ್ನು ನೇರವಾಗಿ ಎದುರು ಹಾಕಿಕೊಂಡದ್ದು ಮುಖ್ಯವಾದದ್ದು. ಆದರೂ ಆ ವೀಟೋ ಅವರನ್ನು ಕೊನೆತನಕ ಬಿಡಲಿಲ್ಲ.

ಗರ್ಭಪಾತದ ಕಾನೂನಾದರೆ ಶೀರ್ಷಿಕೆ ಓದಿ ನಿಲ್ಲಬೇಡಿ. ಎಷ್ಟು ವಾರ, ಯಾವ ವಿನಾಯಿತಿ, ಶಿಕ್ಷೆ ಯಾರಿಗೆ, ಜಾರಿ ಯಾವಾಗಿನಿಂದ, ಈ ನಾಲ್ಕನ್ನೂ ನೋಡಿ. ನಿಕಿ ಹೇಲಿ 2016ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಸಹಿ ಹಾಕಿದ್ದು 20 ವಾರದ ಮಿತಿಗೆ. ಗವರ್ನರ್ ರಾನ್ ಡಿಸ್ಯಾಂಟಿಸ್ ಫ್ಲಾರಿಡಾದಲ್ಲಿ 2022ರಲ್ಲಿ 15 ವಾರಕ್ಕೆ, 2023ರಲ್ಲಿ 6 ವಾರಕ್ಕೆ. ಮೂರನ್ನೂ "ಜೀವಪರ ಕಾನೂನು" ಅಂತಲೇ ಕರೆಯುತ್ತಾರೆ, ಅಂತರ ಮಾತ್ರ ಅಗಾಧ.

ಸೆನೆಟರ್ ಆಗಿದ್ದವರಾದರೆ ದಾರಿ ಬೇರೆ. ಸೆನೆಟ್‌ನಲ್ಲಿ ಚರ್ಚೆ ಮುಗಿಸಲು 60 ಮತ ಬೇಕು. ಬಹುಪಾಲು ಮಸೂದೆಗಳು ಅಲ್ಲೇ ಸಾಯುತ್ತವೆ. 20 ವಾರದ ಮಿತಿಯ ಮಸೂದೆ 2018ರ ಜನವರಿ 29ರಂದು 51-46ರಲ್ಲಿ ಬಿದ್ದದ್ದು ಹಾಗೆ. ಬೀಳುವುದು ಖಚಿತವಾಗಿರುವ ಮಸೂದೆಗೆ "ಹೌದು" ಅನ್ನುವುದಕ್ಕೆ ಬೆಲೆ ತೆರಬೇಕಿಲ್ಲ. ಪಾಸಾಗುವ ಮಸೂದೆಯ ಮೇಲಿನ ಮತ ನೋಡಿ. ಸಲಿಂಗ ವಿವಾಹಕ್ಕೆ ಕೇಂದ್ರ ಕಾನೂನಿನ ರಕ್ಷಣೆ ಕೊಟ್ಟ ಮಸೂದೆ 2022ರ ನವೆಂಬರ್‌ನಲ್ಲಿ ಸೆನೆಟ್‌ನಲ್ಲಿ 61-36ರಿಂದ ಗೆದ್ದಾಗ 12 ರಿಪಬ್ಲಿಕನ್ನರು ಪರವಾಗಿದ್ದರು. ಆ ಹಾಜರಿಪಟ್ಟಿ ಸಾವಿರ ಭಾಷಣಕ್ಕೆ ಸಮ.

ಮೈಸೂರಿನಿಂದ

ಕಾನೂನಿಗಿಂತ ಮೊದಲು ಅಧ್ಯಕ್ಷರು ನೇಮಿಸುವ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು. ಇದು ಬಿಟ್ಟು ಉಳಿದದ್ದೆಲ್ಲ ಎರಡನೇ ಸಾಲಿನ ಪ್ರಶ್ನೆ ಅನ್ನುವಷ್ಟು ದೊಡ್ಡದು.

ಗರ್ಭಪಾತವನ್ನು ದೇಶವಿಡೀ ಸಾಂವಿಧಾನಿಕ ಹಕ್ಕಾಗಿಸಿದ 1973ರ ರೋ ತೀರ್ಪನ್ನು ಉರುಳಿಸುತ್ತೇವೆಂದು ರೇಗನ್ ಕಾಲದಿಂದ ಮಾತು ಕೊಡುತ್ತ ಬಂದರು. 1992ರ ಕೇಸಿ ಪ್ರಕರಣದಲ್ಲಿ ಅದರ ತಿರುಳನ್ನು ಉಳಿಸಿದ ಜಂಟಿ ಅಭಿಪ್ರಾಯ ಬರೆದವರು ಓ'ಕಾನರ್, ಕೆನಡಿ, ಸೂಟರ್. ಮೂವರೂ ರಿಪಬ್ಲಿಕನ್ ಅಧ್ಯಕ್ಷರ ನೇಮಕ: ಮೊದಲಿಬ್ಬರು ರೇಗನ್ ಅವರದ್ದು, ಸೂಟರ್ ಹಿರಿಯ ಬುಷ್ ಅವರದ್ದು. ಅಲ್ಲಿಂದಾಚೆ "ಒಳ್ಳೆಯ ನ್ಯಾಯಾಧೀಶರನ್ನು ನೇಮಿಸುತ್ತೇನೆ" ಎಂಬ ಮಾತಿಗೆ ಸಂಪ್ರದಾಯವಾದಿಗಳ ನಡುವೆ ಬೆಲೆ ಹೋಯಿತು. 2005ರಲ್ಲಿ ಕಿರಿಯ ಬುಷ್ ಹ್ಯಾರಿಯೆಟ್ ಮಿಯರ್ಸ್ ಹೆಸರು ಮುಂದಿಟ್ಟಾಗ ಅವರದೇ ಬೆಂಬಲಿಗರು ದಾಖಲೆ ಎಲ್ಲಿ ಎಂದು ಕೇಳಿ ಹಟ ಹಿಡಿದರು. ಆಕೆ ಹಿಂದೆ ಸರಿದರು, ಅಲಿಟೋ ಬಂದರು.

2016ರಲ್ಲಿ ಟ್ರಂಪ್ ಮಾಡಿದ್ದು ಇದಕ್ಕೆ ನೇರ ಉತ್ತರ. 1999ರಲ್ಲಿ ಟಿವಿಯಲ್ಲಿ ಗರ್ಭಪಾತದ ಹಕ್ಕಿನ ಪರ ಎಂದು ಬಾಯಿಬಿಟ್ಟು ಹೇಳಿದ್ದವರು. ಅಂಥವರು ಮೇ 18ರಂದು ಸುಪ್ರೀಂ ಕೋರ್ಟ್‌ಗೆ ನೇಮಿಸಬಹುದಾದ 11 ಹೆಸರುಗಳ ಪಟ್ಟಿ ಹೊರಗೆ ಹಾಕಿದರು, ಸೆಪ್ಟೆಂಬರ್‌ನಲ್ಲೂ 2017ರ ನವೆಂಬರ್‌ನಲ್ಲೂ ಇನ್ನಷ್ಟು ಹೆಸರು ಸೇರಿಸಿದರು. ಗೋರ್ಸಚ್, ಕ್ಯಾವನಾ, ಬ್ಯಾರೆಟ್ ಬಂದರು. 2022ರ ಜೂನ್ 24ರಂದು ಡಾಬ್ಸ್ ತೀರ್ಪಿನಲ್ಲಿ ರೋ ಉರುಳಿತು. ನಂಬಿಕೆಯಲ್ಲಿ ಗಟ್ಟಿ ಎನಿಸಿಕೊಂಡ ಮೂರು ಅಧ್ಯಕ್ಷರಿಂದ ಆಗದ್ದು, ನಂಬಿಕೆಯೇ ಸಂಶಯಾಸ್ಪದವಾಗಿದ್ದ ಒಬ್ಬರಿಂದ ಆಯಿತು. ಕಾರಣ, ತನ್ನನ್ನು ಕಟ್ಟಿಹಾಕುವ ಕಾಗದವನ್ನು ಅವರೇ ಕೊಟ್ಟಿದ್ದರು.

ಆದ್ದರಿಂದ ಕೇಳಬೇಕಾದ್ದು ಇಷ್ಟು: ಪಟ್ಟಿ ಕೊಡುತ್ತೀರಾ? ಪಟ್ಟಿ ತಯಾರಿಸುವವರು ಯಾರು? ಪಟ್ಟಿಯ ಹೊರಗಿನಿಂದ ನೇಮಿಸುವುದಿಲ್ಲ ಎನ್ನುತ್ತೀರಾ? ಪಟ್ಟಿ ಇದ್ದರೂ ಪೂರ್ತಿ ಖಾತ್ರಿಯಿಲ್ಲ, ಅದೂ ತಿಳಿದಿರಲಿ. ಉದ್ಯೋಗದಲ್ಲಿ ಸಲಿಂಗಿಗಳಿಗೂ ಟ್ರಾನ್ಸ್‌ಜೆಂಡರ್ ನೌಕರರಿಗೂ ರಕ್ಷಣೆ ಕೊಟ್ಟ 2020ರ ಬಾಸ್ಟಾಕ್ ತೀರ್ಪು ಬರೆದವರು ಇದೇ ಗೋರ್ಸಚ್.

ಕೊಲಂಬಿಯಾ, ದಕ್ಷಿಣ ಕೆರೊಲಿನಾದಿಂದ

ಮೇಲಿನ ಇಬ್ಬರೂ ಅಭ್ಯರ್ಥಿಯನ್ನು ಅಳೆದರು. ಈ ಪರೀಕ್ಷೆ ಚುನಾವಣೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನೂ ಅಳೆಯಬೇಕು. ಇದು ಜರಡಿ, ತಕ್ಕಡಿಯಲ್ಲ. ಆಗದವರನ್ನು ಹೊರಗೆ ಹಾಕುತ್ತದೆ, ಉಳಿದವರಲ್ಲಿ ಯಾರೆಂದು ಆರಿಸಿಕೊಡುವುದಿಲ್ಲ.

ಹೊರಗೆ ಹಾಕಿದ್ದಕ್ಕೆ ನ್ಯೂಯಾರ್ಕ್‌ನ ಮಾಜಿ ಮೇಯರ್, 2008ರ ಅಭ್ಯರ್ಥಿ ರೂಡಿ ಜುಲಿಯಾನಿ ಸಾಕ್ಷಿ. ಗರ್ಭಪಾತದ ಹಕ್ಕಿನ ಪರವಾಗಿದ್ದೂ 2007ರ ಬಹುಪಾಲು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಮುಂದಿದ್ದರು, ಇವಾಂಜೆಲಿಕಲ್ ಟಿವಿ ಬೋಧಕ ಪ್ಯಾಟ್ ರಾಬರ್ಟ್‌ಸನ್ ಬೆಂಬಲವೂ ಸಿಕ್ಕಿತ್ತು. ಆರಂಭದ ರಾಜ್ಯಗಳಲ್ಲಿ ನೆಲೆಯಿಲ್ಲದೆ ಫ್ಲಾರಿಡಾವನ್ನೇ ನಂಬಿದರು, ಅಲ್ಲಿ ಮೂರನೆಯವರಾಗಿ ಕಣ ಬಿಟ್ಟರು. ಆರಿಸಿಕೊಡಲಾರದು ಎಂಬುದಕ್ಕೆ ನಿಮ್ಮ ಅಯೋವಾವೇ ಸಾಕ್ಷಿ: 2008ರಲ್ಲಿ ಹಕಬಿ, 2012ರಲ್ಲಿ ಸ್ಯಾಂಟೋರಮ್ (ರಾಮ್ನಿಗಿಂತ ಬರೀ 34 ಮತ ಹೆಚ್ಚು), 2016ರಲ್ಲಿ ಕ್ರೂಜ್. ಮೂವರೂ ಗೆದ್ದರು, ಯಾರೂ ಪಕ್ಷದ ಅಭ್ಯರ್ಥಿ ಆಗಲಿಲ್ಲ. ಅಯೋವಾದ ರಿಪಬ್ಲಿಕನ್ ಕಾಕಸ್‌ಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಇವಾಂಜೆಲಿಕಲ್ಲರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅವರು ತೀರ ಕಡಿಮೆ, ಜೊತೆಗೆ ಯಾವ ಪಕ್ಷಕ್ಕೂ ಸೇರದವರು ಅಲ್ಲಿ ಮತ ಹಾಕಬಹುದು. ಇಲ್ಲಿ ಕೆರೊಲಿನಾದಲ್ಲಿ ಮತ್ತೆ ಇವಾಂಜೆಲಿಕಲ್ ಬಹುಮತ.

ಎಡವಟ್ಟಾಗುವುದು ಮತ ಒಡೆಯುವುದರಿಂದ. 2012ರ ಜನವರಿ 14ರಂದು ಟೆಕ್ಸಸ್‌ನಲ್ಲಿ ಇವಾಂಜೆಲಿಕಲ್ ಮುಖಂಡರು ಸಭೆ ಸೇರಿ ಸ್ಯಾಂಟೋರಮ್ ಬೆನ್ನಿಗೆ ನಿಂತರು. ಅಷ್ಟರಲ್ಲಿ ಅಯೋವಾ, ನ್ಯೂ ಹ್ಯಾಂಪ್‌ಶೈರ್ ಮುಗಿದಿದ್ದವು. ವಾರದ ನಂತರ ಕೆರೊಲಿನಾದಲ್ಲಿ ಗೆದ್ದದ್ದು ಗಿಂಗ್ರಿಚ್. ಒಟ್ಟಾಗುವುದಿದ್ದರೆ ಹಿಂದಿನ ಶರತ್ಕಾಲದಲ್ಲೇ ಆಗಬೇಕು.

ಡಲ್ಲಾಸ್‌ನವರ ಮಾತಿಗೆ ಒಂದು ತಕರಾರು. ಸಹಿಗಳ ಲೆಕ್ಕದಲ್ಲಿ 2024ರಲ್ಲಿ ಡಿಸ್ಯಾಂಟಿಸ್ ಎಲ್ಲರಿಗಿಂತ ಮುಂದಿದ್ದರು. ಅಯೋವಾದ ಗವರ್ನರ್ ಕಿಮ್ ರೆನಾಲ್ಡ್ಸ್, ಅಲ್ಲಿನ ಇವಾಂಜೆಲಿಕಲ್ ಸಂಘಟನೆ ಫ್ಯಾಮಿಲಿ ಲೀಡರ್‌ನ ಬಾಬ್ ವ್ಯಾಂಡರ್ ಪ್ಲಾಟ್ಸ್ ಇಬ್ಬರೂ ಅವರ ಕಡೆ. 99 ಕೌಂಟಿಗಳನ್ನೂ ಸುತ್ತಿದರು. ಟ್ರಂಪ್ ಆ 6 ವಾರದ ಕಾನೂನನ್ನು ಘೋರ ತಪ್ಪು ಎಂದೇ ಹೇಳಿದ್ದರು. ಫಲಿತಾಂಶ: ಟ್ರಂಪ್ ಶೇ. 51, ಡಿಸ್ಯಾಂಟಿಸ್ ಶೇ. 21. ಬರುವ ಕಾನೂನಿಗಿಂತ, ಬಂದಾಗಿದ್ದ ಡಾಬ್ಸ್ ತೀರ್ಪಿನ ಋಣ ಮತದಾರರಿಗೆ ಹೆಚ್ಚೆನಿಸಿತು. ನನ್ನ ಮಟ್ಟಿಗೆ ಅದು ಕುರುಡುತನವಲ್ಲ, ಅವರ ಅಳತೆಯೇ ಬೇರೆಯಾಗಿತ್ತು.

ಡಲ್ಲಾಸ್‌ನಿಂದ, ಮತ್ತೆ

ತಕರಾರು ಒಪ್ಪುವಂಥದ್ದು. ಆದರೆ ಆ ಋಣ ತೀರಿದೆ, 2028ಕ್ಕೆ ಹೊಸ ಪ್ರಶ್ನೆಗಳು ಬೇಕು. ಡಾಬ್ಸ್ ನಂತರ "ನೀವು ಜೀವಪರವೇ?" ಎಂದು ಕೇಳಿ ಪ್ರಯೋಜನವಿಲ್ಲ. ಹೌದು ಅಥವಾ ಇಲ್ಲ ಎನ್ನಲೇಬೇಕಾದ ಹಾಗೆ ಕೇಳಿ: ಇಂತಿಷ್ಟು ವಾರದ ಕೇಂದ್ರ ಮಿತಿ ಮೇಜಿಗೆ ಬಂದರೆ ಸಹಿಯೋ ವೀಟೋನೋ? ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಮಾತ್ರೆಯನ್ನು ಅಂಚೆಯಲ್ಲಿ ಕಳಿಸಲು ಕೊಟ್ಟಿರುವ ಅನುಮತಿಯನ್ನು ಹಿಂತೆಗೆಯಲು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಹೇಳುತ್ತೀರಾ? ಗರ್ಭಪಾತದ ಸಾಮಗ್ರಿಯನ್ನು ಅಂಚೆಯಲ್ಲಿ ಕಳಿಸಬಾರದೆನ್ನುವ 1873ರ ಕಾಮ್‌ಸ್ಟಾಕ್ ಕಾಯಿದೆಯನ್ನು ಜಾರಿ ಮಾಡುತ್ತೀರಾ? ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಬಗ್ಗೆ ಏನು? ಆರೋಗ್ಯ ಇಲಾಖೆಗೆ ಯಾರನ್ನು ತರುತ್ತೀರಿ?

ಗರ್ಭಪಾತಕ್ಕೆ ನೆರವಾಗುವ ವಿದೇಶಿ ಸಂಸ್ಥೆಗಳಿಗೆ ಅಮೆರಿಕದ ನೆರವು ಕೊಡದ ಮೆಕ್ಸಿಕೋ ಸಿಟಿ ನೀತಿಯನ್ನು ಪರೀಕ್ಷೆಗೆ ಇಟ್ಟುಕೊಳ್ಳಬೇಡಿ. 1984ರಿಂದ ರಿಪಬ್ಲಿಕನ್ ಅಧ್ಯಕ್ಷರೆಲ್ಲ ಅದನ್ನು ಪಾಲಿಸಿದ್ದಾರೆ, ಡೆಮಾಕ್ರಾಟರು ಬಂದಾಗಲೆಲ್ಲ ತೆಗೆದಿದ್ದಾರೆ. ಎಲ್ಲರೂ ಪಾಸಾಗುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಜಾರಿಕೊಳ್ಳುವ ಉತ್ತರಗಳು ಹೆಚ್ಚಿಲ್ಲ. "ಅದು ರಾಜ್ಯಗಳಿಗೆ ಬಿಟ್ಟದ್ದು" ಅಂದರೆ, ಮಾತ್ರೆಯ ಅನುಮತಿ ಕೊಡುವುದು ಕೇಂದ್ರವೇ ಅಲ್ಲವೇ ಎಂದು ಕೇಳಿ. "ಸೆನೆಟ್‌ನಲ್ಲಿ 60 ಮತ ಇಲ್ಲ" ಎಂಬುದು ನಿಜ, ಹೇಲಿ 2023ರಲ್ಲಿ ಹೇಳುತ್ತಿದ್ದದ್ದು ಅದನ್ನೇ. ಆದರೆ ಇದ್ದರೆ ಏನು ಮಾಡುತ್ತೀರಿ ಎಂಬುದಕ್ಕೆ ಅದು ಉತ್ತರವಲ್ಲ.

ಸಂಘಟನೆಗಳ ಪ್ರತಿಜ್ಞಾಪತ್ರ ಓದದೆ ಅಂಕ ಕೊಡಬೇಡಿ. 2011ರಲ್ಲಿ ಗರ್ಭಪಾತ ವಿರೋಧಿ ಸಂಘಟನೆ ಸೂಸನ್ ಬಿ. ಆಂಟನಿ ಲಿಸ್ಟ್ ಕೊಟ್ಟ ಪತ್ರದಲ್ಲಿ ನ್ಯಾಯಾಧೀಶರು, ಆಯಕಟ್ಟಿನ ನೇಮಕಗಳು, ಅನುದಾನ, 20 ವಾರದ ಕಾನೂನು, ಎಲ್ಲವೂ ಪರಿಶೀಲಿಸಬಹುದಾದ ಅಂಶಗಳು. ರಾಮ್ನಿ ಸಹಿ ಹಾಕಲಿಲ್ಲ. ಅದೇ ವರ್ಷ ಫ್ಯಾಮಿಲಿ ಲೀಡರ್ ತಂದ ಮದುವೆಯ ಪ್ರತಿಜ್ಞೆಯ ಪೀಠಿಕೆಯಲ್ಲಿ ಗುಲಾಮಗಿರಿ ಕಾಲದ ಕಪ್ಪು ಕುಟುಂಬಗಳ ಬಗ್ಗೆ ಒಂದು ಮಾತಿತ್ತು. ಬಾಕ್‌ಮನ್, ಸ್ಯಾಂಟೋರಮ್ ಸಹಿ ಹಾಕಿದ ಮೇಲೆ ಗದ್ದಲವೆದ್ದು ಅದನ್ನು ತೆಗೆಯಬೇಕಾಯಿತು. ಓದದೆ ಸಹಿ ಹಾಕುವ ಅಭ್ಯರ್ಥಿಯೂ ಒಂದು ಮಾಹಿತಿಯೇ.

ನ್ಯೂಜೆರ್ಸಿಯಿಂದ

ಹಿಂದೂ ಮತದಾರರ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಎಂದು ಅಮೆರಿಕದ ಸಂವಿಧಾನದ 6ನೇ ವಿಧಿ ಹೇಳುತ್ತದೆ. ಅದು ಕಟ್ಟಿಹಾಕುವುದು ಸರ್ಕಾರವನ್ನು, ಮತದಾರರನ್ನಲ್ಲ. ಹಾಗಾಗಿ ರಾಮ್ನಿ 2007ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ಗೆ ಹೋಗಿ ತಮ್ಮ ಮಾರ್ಮನ್ ನಂಬಿಕೆಯ ಬಗ್ಗೆ ಭಾಷಣ ಮಾಡಬೇಕಾಯಿತು. 2024ರ ಚುನಾವಣೆಗೆ ನಿಂತಿದ್ದ ವಿವೇಕ್ ರಾಮಸ್ವಾಮಿ 2023ರಲ್ಲಿ ಅಯೋವಾದಲ್ಲಿ ತಮ್ಮ ಹಿಂದೂ ಧರ್ಮದ ಬಗ್ಗೆ ಉತ್ತರಿಸಬೇಕಾಯಿತು. ನಿಲುವುಗಳಲ್ಲಿ ಅವರು ಬೇರೆ ಸಂಪ್ರದಾಯವಾದಿಗಳಿಗೆ ಹತ್ತಿರವೇ ಇದ್ದರು, ಸಿಕ್ಕಿದ್ದು ಶೇ. 8ರ ಆಸುಪಾಸು. ಸೋಲಿಗೆ ಧರ್ಮವೇ ಕಾರಣ ಎನ್ನಲು ಆಧಾರವಿಲ್ಲ. ಟ್ರಂಪ್ ಅವರನ್ನು ಹೊಗಳುತ್ತಲೇ ಅವರ ವಿರುದ್ಧ ಮತ ಕೇಳಿದ್ದು ದೊಡ್ಡ ತೊಡಕಾಗಿತ್ತು.

ನಿಮ್ಮ ಕಡೆಯಿಂದ ಸೇರಿಸಬೇಕಾದ ಒಂದು ಪ್ರಶ್ನೆ ಇದೆ: ನೀವು ಹೇಳುವ ಧಾರ್ಮಿಕ ಸ್ವಾತಂತ್ರ್ಯ ದೇವಸ್ಥಾನಕ್ಕೂ ಇದೆಯೇ? ಇದನ್ನು ಕಾನೂನಿನ ಹೆಸರು ಹಿಡಿದೇ ಕೇಳಬಹುದು. 2000ನೇ ಇಸವಿಯ ಆರ್‌ಎಲ್‌ಯುಐಪಿಎ ಕಾಯಿದೆ, ಊರಿನ ಜೋನಿಂಗ್ ಮಂಡಳಿಗಳು (ಎಲ್ಲಿ ಎಂಥ ಕಟ್ಟಡ ಬರಬಹುದೆಂದು ನಿರ್ಧರಿಸುವವು) ಪ್ರಾರ್ಥನಾ ಸ್ಥಳಗಳಿಗೆ ಅನ್ಯಾಯವಾಗಿ ಅಡ್ಡಿ ಮಾಡದಂತೆ ತಡೆಯುತ್ತದೆ. ಜಾರಿಗೊಳಿಸುವ ಅಧಿಕಾರ ಕೇಂದ್ರದ ನ್ಯಾಯ ಇಲಾಖೆಗೂ ಇದೆ. ಚರ್ಚ್ ಎಂದಾಗ ಉತ್ಸಾಹದಿಂದ ಮಾತಾಡಿ, ದೇವಸ್ಥಾನದ ಪಾರ್ಕಿಂಗ್, ಗೋಪುರದ ಎತ್ತರ ಎಂದಾಗ "ಅದು ಸ್ಥಳೀಯ ವಿಚಾರ" ಎನ್ನುವ ಅಭ್ಯರ್ಥಿಯ ಬಣ್ಣ ಅಲ್ಲೇ ಬಯಲಾಗುತ್ತದೆ.

ಕೇಳಿದವರು

ತುಂಬ ಉಪಕಾರವಾಯಿತು. ಕಾಕಸ್ ರಾತ್ರಿ ಏನೇನಾಗುತ್ತದೆ? ಮನೆಯವರಿಗೆ ಇನ್ನೂ ಗ್ರೀನ್ ಕಾರ್ಡ್.

ಸೀಡರ್ ರ‍್ಯಾಪಿಡ್ಸ್‌ನಿಂದ

ಮೊದಲು ಗ್ರೀನ್ ಕಾರ್ಡ್ ವಿಷಯ. ಅವರು ಮತ ಹಾಕುವಂತಿಲ್ಲ, ಮತದಾರರ ನೋಂದಣಿ ಅರ್ಜಿಗೆ ಸಹಿ ಕೂಡ ಹಾಕಬಾರದು. ಪೌರರೆಂದು ತಪ್ಪಾಗಿ ಹೇಳಿಕೊಂಡಂತಾಗಿ ದೇಶದಿಂದ ಹೊರಹಾಕುವ ತನಕ ಹೋಗಬಹುದು. ಚಾಲನಾ ಪರವಾನಗಿ ಕಚೇರಿಯಲ್ಲಿ ಈ ಅರ್ಜಿಯನ್ನೂ ಮುಂದಿಡುತ್ತಾರೆ, ಅಲ್ಲೇ ಹಲವರು ಸಿಕ್ಕಿಬೀಳುವುದು. ಪ್ರಚಾರಕ್ಕೆ ದುಡಿಯಬಹುದು, ದೇಣಿಗೆ ಕೊಡಬಹುದು. ಎಚ್-1ಬಿ ಇದ್ದವರು ದೇಣಿಗೆಯನ್ನೂ ಕೊಡುವಂತಿಲ್ಲ.

ಕಾಕಸ್ ಸಂಜೆ 7ಕ್ಕೆ ಶುರು. ತಡವಾಗಿ ಹೋದರೆ ಆಗದು. ಅಂಚೆ ಮತ, ಮುಂಚಿತ ಮತ ಎರಡೂ ರೂಢಿಯಲ್ಲಿಲ್ಲ. ರಿಪಬ್ಲಿಕನ್ ಎಂದು ನೋಂದಾಯಿಸಿರಬೇಕು, ಅಲ್ಲೇ ನೋಂದಾಯಿಸಲೂಬಹುದು. ಗುರುತಿನ ಚೀಟಿ, ವಿಳಾಸದ ದಾಖಲೆ ಒಯ್ಯಿರಿ. ಪ್ರತಿ ಅಭ್ಯರ್ಥಿಯ ಪರ ಒಬ್ಬರು ಸ್ವಲ್ಪ ಹೊತ್ತು ಮಾತಾಡುತ್ತಾರೆ, ಆಮೇಲೆ ಚೀಟಿಯಲ್ಲಿ ಗುಪ್ತ ಮತ. ಒಂದೇ ಸುತ್ತು. 2016ರಲ್ಲಿ ಸುಮಾರು 1,87,000 ಜನ ಬಂದಿದ್ದರು, 2024ರ ಕೊರೆಯುವ ಚಳಿಯಲ್ಲಿ ಸುಮಾರು 1,10,000. ಇಷ್ಟು ಸಣ್ಣ ಸಂಖ್ಯೆಯಲ್ಲಿ ಒಂದು ಬೂತಿಗೆ ಹತ್ತು ಜನ ಹೆಚ್ಚು ಬಂದರೂ ಲೆಕ್ಕ ಬದಲಾಗುತ್ತದೆ.

ಮತ ಹಾಕಿದ ಕೂಡಲೇ ಹೆಚ್ಚಿನವರು ಕೋಟು ಎತ್ತಿಕೊಂಡು ಹೊರಡುತ್ತಾರೆ. ನೀವು ಕುಳಿತಿರಿ. ಕೌಂಟಿ ಸಮಾವೇಶಕ್ಕೆ ಪ್ರತಿನಿಧಿಗಳ ಆಯ್ಕೆ ನಡೆಯುವುದು ಆಮೇಲೆ. 2012ರಲ್ಲಿ ಕುಳಿತು ಉಳಿದವರು ರಾನ್ ಪಾಲ್ ಬೆಂಬಲಿಗರು. ಕಾಕಸ್‌ನಲ್ಲಿ ಮೂರನೆಯವರಾಗಿದ್ದ ಅವರಿಗೆ ರಾಷ್ಟ್ರೀಯ ಸಮಾವೇಶದಲ್ಲಿ ಅಯೋವಾದ 28ರಲ್ಲಿ 22 ಮತ ಬಿತ್ತು, ಕಾಕಸ್ ಗೆದ್ದಿದ್ದ ಸ್ಯಾಂಟೋರಮ್‌ಗೆ ಒಂದೂ ಇಲ್ಲ. ಅದಾದ ಮೇಲೆ ಪ್ರತಿನಿಧಿಗಳನ್ನು ಫಲಿತಾಂಶಕ್ಕೆ ಕಟ್ಟುವ ನಿಯಮ ಬಂತು. ಪಕ್ಷದ ಪ್ರಣಾಳಿಕೆಗೆ ಅಂಶಗಳನ್ನು ಸೂಚಿಸುವುದೂ ಆ ರಾತ್ರಿಯೇ. 2024ರ ಜುಲೈನಲ್ಲಿ ಗರ್ಭಪಾತಕ್ಕೆ ದೇಶವ್ಯಾಪಿ ಮಿತಿ ಬೇಕೆಂಬ ದಶಕಗಳ ಬೇಡಿಕೆಯನ್ನೇ ರಾಷ್ಟ್ರೀಯ ಪ್ರಣಾಳಿಕೆಯಿಂದ ಕೈಬಿಟ್ಟರು, ಅದನ್ನು ಮತ್ತೆ ತರಬೇಕೆನ್ನುವವರು ಶುರು ಮಾಡಬೇಕಾದ್ದು ಈ ಕೋಣೆಯಿಂದ. ದೇವಸ್ಥಾನದ ಜೋನಿಂಗ್ ವಿಚಾರವನ್ನೂ ಎರಡು ಸಾಲಿನಲ್ಲಿ ಬರೆದು ಒಯ್ಯಿರಿ, ಓದಿ ಹೇಳಿ ಮತಕ್ಕೆ ಹಾಕಿಸಬಹುದು.