ರಿಚ್, ಲೀನ್ ಅನ್ನೋದಕ್ಕೆ ಗ್ಯಾರೇಜಲ್ಲಿ ನಡೆಯೋ ಕನ್ನಡ ಯಾವ್ದು?

ಟರ್ಬೊ ಹಾಕ್ಸಿದ ಪೆಟ್ರೋಲ್ ಕಾರಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಹೊಗೆ ನೋಡಿ ಪೆಟ್ರೋಲ್-ಗಾಳಿ ಲೆಕ್ಕ ಹೇಳೋದು) ಕೂರ್ಸೋದು ಹೇಗೆ ಅಂತ ಒಂದು ಕನ್ನಡ ಚೀಟಿ ಬರೀತಾ ಇದೀನಿ. ಕಾರು ನಮ್ಮ ಭಾವಂದು, ಹಳೇ ಮಾರುತಿ ಎಸ್ಟೀಮು, ಕೆಲ್ಸ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಲ್ಲಿ. ಸೆನ್ಸರು, ಗೇಜು, ಬೂಸ್ಟು (ಟರ್ಬೊ ಒತ್ತಿ ತುಂಬೋ ಗಾಳಿ) ಇವಕ್ಕೆಲ್ಲ ಕನ್ನಡ ಹುಡುಕೋ ಗೋಜಿಗೆ ಹೋಗಿಲ್ಲ, 'ಆಮ್ಲಜನಕ ಸಂವೇದಕ' ಅಂತ ಬರದ್ರೆ ಗ್ಯಾರೇಜಿನ ಅಣ್ಣ ಆಸ್ಪತ್ರೆ ಸಾಮಾನು ಅಂದ್ಕೋತಾರೆ. ಸಿಕ್ಕಾಕ್ಕೊಂಡಿರೋದು ರಿಚ್ (ಗಾಳಿ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ), ಲೀನ್ (ಕಮ್ಮಿ) ಹತ್ರ ಮಾತ್ರ.

ಕಾರ್ಬುರೇಟರ್ ಕಾಲದಿಂದ್ಲೂ ನಮ್ಮ ಕಡೆ 'ಪೆಟ್ರೋಲ್ ಜಾಸ್ತಿ ಹೋಗ್ತಿದೆ', 'ಕಮ್ಮಿ ಹೋಗ್ತಿದೆ' ಅಂತಾನೇ ಹೇಳೋದು, ಅದನ್ನೇ ಬರ್ದುಬಿಡೋಣ ಅಂತಿದ್ದೆ. ಮೊದಲ್ನೇ ತೊಂದ್ರೆ ಏನಂದ್ರೆ 'ಪೆಟ್ರೋಲ್ ಕಮ್ಮಿ' ಅಂದ ಕೂಡ್ಲೇ ಮೈಲೇಜ್ ನೆನಪಾಗಿ ಜನಕ್ಕೆ ಖುಷಿ ಆಗುತ್ತೆ. ಆಗುಂಬೆ ಘಾಟಿ ಹತ್ತುವಾಗ ಫುಲ್ ಬೂಸ್ಟಲ್ಲಿ ಪೆಟ್ರೋಲ್ ಕಮ್ಮಿ ಆದ್ರೆ ಉಳಿತಾಯ ಅಲ್ಲ, ನಾಕಿಂಗ್ (ಸಿಲಿಂಡರಲ್ಲಿ ಪೆಟ್ರೋಲ್ ತಾನಾಗೇ ಸಿಡಿಯೋದು) ಶುರುವಾಗಿ ಪಿಸ್ಟನ್ನೇ ಹೋಗುತ್ತೆ.

ಎರಡ್ನೇದು ಇನ್ನೂ ತಲೆನೋವು. ಸೆನ್ಸರ್ ಪೆಟ್ರೋಲ್ ನೋಡೋದೇ ಇಲ್ಲ, ಸೈಲೆನ್ಸರ್ ಪೈಪಲ್ಲಿ ಹೋಗ್ತಿರೋ ಹೊಗೇಲಿ ಆಕ್ಸಿಜನ್ ಎಷ್ಟು ಉಳಿದಿದೆ, ಅಥವಾ ಪೂರ್ತಿ ಸುಡೋದಕ್ಕೆ ಇನ್ನೆಷ್ಟು ಬೇಕಿತ್ತು ಅನ್ನೋದನ್ನ ನೋಡುತ್ತೆ. ಅದರೊಳಗಿರೋ ಜಿರ್ಕೋನಿಯಾ ಪಂಪ್ ಸೆಲ್ ಆಕ್ಸಿಜನ್ನನ್ನ ಆಚೆಗೋ ಈಚೆಗೋ ತಳ್ತಾ ಪಕ್ಕದ ಸೆಲ್ಲನ್ನ 450 ಮಿಲಿವೋಲ್ಟಲ್ಲಿ ಹಿಡಿದಿಡುತ್ತೆ, ತಳ್ಳೋದಕ್ಕೆ ಎಷ್ಟು ಕರೆಂಟ್ ಬೇಕಾಯ್ತು, ಯಾವ ಕಡೆಗೆ ಅನ್ನೋದೇ ಲೆಕ್ಕ. ಹಳೇ ನ್ಯಾರೋಬ್ಯಾಂಡ್ ಸೆನ್ಸರು ರಿಚ್ಚೋ ಲೀನೋ ಅಂತ ಹೇಳಿ ಸುಮ್ನಾಗುತ್ತೆ, ಎಷ್ಟು ದೂರ ಅಂತ ಹೇಳಲ್ಲ. ಈಗ ನೋಡಿ, ಒಂದು ಸಿಲಿಂಡರ್ ಮಿಸ್ ಹೊಡೀತಿದ್ರೆ ಸುಡದೇ ಇರೋ ಪೆಟ್ರೋಲೂ ಹೊರಗ್ ಬರುತ್ತೆ, ಅದರ ಜೊತೆ ಸುಡದೇ ಇರೋ ಗಾಳಿನೂ ಬರುತ್ತೆ, ಮೂಗಿಗೆ ಘಂ ಅಂತ ಪೆಟ್ರೋಲ್ ವಾಸ್ನೆ ಹೊಡೀತಿದ್ರೂ ಗೇಜು ಲೀನ್ ಅಂತ ತೋರ್ಸುತ್ತೆ. ಸೆನ್ಸರಿಗಿಂತ ಮುಂಚೆ ಗ್ಯಾಸ್ಕೆಟ್ ಲೀಕ್ ಇದ್ದು ಹೊರಗಿನ ಗಾಳಿ ಎಳ್ಕೊಂಡ್ರೂ ಅಷ್ಟೇ. ಇಂಥ ಕಡೆ ಚೀಟೀಲಿ 'ಪೆಟ್ರೋಲ್ ಕಮ್ಮಿ' ಅಂತಿದ್ರೆ ಓದಿದವರು ನಂಬಿ ಪೆಟ್ರೋಲ್ ಇನ್ನೂ ಏರಿಸ್ತಾರೆ!

ಅದಕ್ಕೇ ನನಗನ್ನಿಸ್ತಿರೋದು, ಇಂಜಿನ್ ಒಳಗೆ ಹೋಗೋದಕ್ಕೆ ಪೆಟ್ರೋಲ್ ಜಾಸ್ತಿ, ಕಮ್ಮಿ ಅಂತ ಕನ್ನಡ ಇರ್ಲಿ, ಗೇಜಲ್ಲಿ ಕಾಣೋದಕ್ಕೆ ರಿಚ್, ಲೀನ್ ಹಂಗೇ ಇರ್ಲಿ, ಎರಡನ್ನೂ ಕಲೆಸೋದು ಬೇಡ. 'ಮಂದ, ತಿಳಿ' ಅಂತ ಊಟದ ಸಾರಿಗೆ ಹೇಳೋ ಹಾಗೆ ಹೇಳ್ಬೋದಲ್ಲ ಅಂತ ಅತ್ತಿಗೆ ಅಂದ್ರು, ಕೇಳೋಕೆ ಚೆನ್ನಾಗೇ ಇದೆ, ಆದ್ರೆ 'ಗಾಡಿ ಮಂದ ಆಗಿದೆ' ಅಂದ್ರೆ ಪಿಕಪ್ ಇಲ್ಲ ಅಂತ ಅರ್ಥ ಆಗ್ಬಿಡುತ್ತೆ. 'ಶ್ರೀಮಂತ ಮಿಶ್ರಣ' ಅಂತೂ ದಯವಿಟ್ಟು ಬೇಡ.

ಇನ್ನು ಗೇಜು ತೋರ್ಸೋ ನಂಬರು ಲ್ಯಾಂಬ್ಡಾ. ಲ್ಯಾಂಬ್ಡಾ 1 ಅಂದ್ರೆ ಪೆಟ್ರೋಲಿಗೂ ಗಾಳಿಗೂ ಲೆಕ್ಕ ಸರಿಹೋಗೋ ಜಾಗ. ಇದಕ್ಕೆ 'ಹದ' ಅಂತ ಬರೆದು ಹೊಡೆದುಹಾಕ್ದೆ. ಯಾಕಂದ್ರೆ ಫುಲ್ ಬೂಸ್ಟಲ್ಲಿ ಹದ ಅನ್ನೋದು 1 ಅಲ್ಲ, ಸುಮಾರು 0.8 ಆಸುಪಾಸು. ಲ್ಯಾಂಬ್ಡಾ 1ಕ್ಕೆ 'ಸಮ' ಅಂತಿಟ್ಟು, ಆಯಾ ಹೊತ್ತಿಗೆ ಎಷ್ಟಿರ್ಬೇಕೋ ಅದಕ್ಕೆ ಹದ ಅಂದ್ರೆ ಹೇಗೆ? 14.7 (ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಎಷ್ಟು ಪಾಲು ಗಾಳಿ) ಅನ್ನೋ ನಂಬರನ್ನಂತೂ ಬಿಟ್ಟಿದೀನಿ, ಅದು ಎಥನಾಲ್ ಬೆರೆಸದೇ ಇರೋ ಪೆಟ್ರೋಲಿನ ಲೆಕ್ಕ, ಇ20 (20% ಎಥನಾಲ್ ಬೆರೆಸಿದ್ದು) ಹಾಕಿದ್ರೆ ನಿಜವಾದ ಸಮ 13.5ರ ಹತ್ರ ಬರುತ್ತೆ, ಲ್ಯಾಂಬ್ಡಾ ಆದ್ರೆ ಯಾವ್ದಕ್ಕೂ 1 ಅಂದ್ರೆ 1. ಮತ್ತೆ ಲ್ಯಾಂಬ್ಡಾ ನಂಬರು ಏರಿದ್ರೆ ಲೀನು, ಫೋನಲ್ಲಿ 'ಏರ್ತಿದೆ' ಅಂದ್ರೆ ಆ ಕಡೆಯವ್ರು ಪೆಟ್ರೋಲ್ ಏರ್ತಿದೆ ಅಂದ್ಕೊಳ್ಳೋದು ಖಂಡಿತ.

ಕೂರ್ಸೋ ವಿಷ್ಯ ಬರೆಯೋದು ಅಷ್ಟು ಕಷ್ಟ ಆಗ್ಲಿಲ್ಲ. ಟರ್ಬೊ ಆದ್ಮೇಲೆ ಡೌನ್‌ಪೈಪಲ್ಲಿ, ಎರಡಡಿ ದೂರ ಬಿಟ್ಟು, ಕ್ಯಾಟ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಇದ್ರೆ ಅದಕ್ಕೂ ಮುಂಚೆ. ಸೆನ್ಸರಿನ ವೈರ್ ಇರೋ ಕಡೆ ಮೇಲಕ್ಕಿರ್ಬೇಕು, ಮಲಗಿರೋದಕ್ಕಿಂತ ಕಡೇಪಕ್ಷ 10 ಡಿಗ್ರಿ ಎತ್ತಿ, ಇಲ್ದಿದ್ರೆ ಪೈಪಲ್ಲಿ ಹನಿಯೋ ನೀರು ಒಳಗ್ ನಿಂತು ಬಿಸಿ ಸೆರಾಮಿಕ್ ಸೀಳುತ್ತೆ. ಸೆನ್ಸರ್ ಒಳಗಿರೋ ಹೀಟರ್‌ಗೆ ಕರೆಂಟ್ ಕೊಡ್ದೇ ಇಂಜಿನ್ ಓಡಿಸ್ಬಾರ್ದು, ಮಸಿ ಹಿಡಿದು ಹಾಳಾಗುತ್ತೆ. ಸಿಲಿಕೋನ್ ಪೇಸ್ಟ್ ಹತ್ರಕ್ಕೂ ಸೇರಿಸ್ಬಾರ್ದು.

ಇಲ್ಲೊಂದೇ ಪದ ಉಳ್ಕೊಂಡಿದೆ. ಸೆನ್ಸರ್ ತಿರುಗ್ಸೋಕೆ ಪೈಪಿಗೆ ತೂತು ಕೊರೆದು ವೆಲ್ಡ್ ಮಾಡ್ತಾರಲ್ಲ, 18 ಎಂಎಂ, 1.5 ಪಿಚ್ ಥ್ರೆಡ್ಡಿನ ದಪ್ಪ ಬಳೆ, ಅದಕ್ಕೆ ನಮ್ಮ ಲೇತ್ ಅಂಗಡೀಲಿ 'ನಟ್' ಅಂತಾರೆ, ಭಾವ 'ಬುಶ್' ಅಂತಾರೆ, ಡಬ್ಬಿ ಮೇಲೆ 'ಬಂಗ್' ಅಂತಿದೆ. ನಟ್ ಅಂತ ಬರೆದ್ರೆ ಅಂಗಡಿಯಿಂದ ಮಾಮೂಲಿ ನಟ್ ತಂದು ವೆಲ್ಡ್ ಮಾಡಿಟ್ರೆ ಅಂತ ಭಯ. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಗ್ಯಾರೇಜಲ್ಲಿ ಇದಕ್ಕೇನಂತಾರೆ, ಗೊತ್ತಿದ್ದವ್ರು ಹೇಳಿ.