ಅಪ್‌ಡೇಟ್: ಮಗು, ಈಳಿಗೆಮಣೆ ಮತ್ತು ಆ ಯೋಚನೆ

ನಾಲ್ಕು ತಿಂಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ: "ಈಳಿಗೆಮಣೆ ಕಂಡರೆ ಸಾಕು, ಮಗುವಿಗೆ ಏನಾದರೂ ಮಾಡಿಬಿಡ್ತೀನೇನೋ ಅನ್ಸುತ್ತೆ. ನಾನು ಕೆಟ್ಟ ತಾಯಿನಾ?" ಆಗ ಮಗುವಿಗೆ ಮೂರು ತಿಂಗಳು. ಡಾಕ್ಟರಿಗೆ ತೋರಿಸಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮಂಡ್ಯದಲ್ಲಿ ಯಾರಾದರೂ ನೋಡಿಬಿಟ್ಟರೆ ಎಂಬ ಭಯಕ್ಕೆ ಮೈಸೂರಿಗೆ ಹೋದೆವು. ಮನೋವೈದ್ಯರು ಪೂರ್ತಿ ಕೇಳಿಸಿಕೊಂಡು, ಇದು ಒಸಿಡಿ ಎಂದರು: ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಆ ಭಯ ಕಳೆಯಲು ಏನಾದರೊಂದನ್ನು ಪದೇ ಪದೇ ಮಾಡಿಸುವ ಮಾನಸಿಕ ಕಾಯಿಲೆ. ಹೆರಿಗೆ ಆದಮೇಲೆ ಶುರುವಾಗುವುದುಂಟಂತೆ. ಬೇಡದ ಯೋಚನೆ ಯಾರಿಗೂ ಬರಬಹುದು. 1978ರಲ್ಲಿ ರಾಕ್‌ಮನ್, ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು ವಿಚಾರಿಸಿದಾಗ, ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಸುಮಾರು 80 ಜನ ಹೌದು ಎಂದಿದ್ದರು. ಇದನ್ನು ಕೇಳಿ ಅಲ್ಲೇ ಅತ್ತುಬಿಟ್ಟೆ.

ಈಳಿಗೆಮಣೆ ಅಟ್ಟಕ್ಕೆ ಹಾಕಿದ್ದು, "ನಾನು ಏನೂ ಮಾಡಲ್ಲ ಅಲ್ವಾ?" ಎಂದು ಯಜಮಾನರನ್ನು ಪದೇ ಪದೇ ಕೇಳಿದ್ದು, ಎಲ್ಲ ಕಾಯಿಲೆಯ ಭಾಗವೇ. ಆ ಗಳಿಗೆಗೆ ಸಮಾಧಾನ, ಆಮೇಲೆ ಭಯ ಇನ್ನೂ ಜಾಸ್ತಿ. ಈಗ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ. ಸುಮ್ನೆ ಪಕ್ಕದಲ್ಲಿ ಕೂರುತ್ತಾರೆ.

ಹಾಲು ಕುಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆ ಕೊಟ್ಟಿದ್ದಾರೆ. ಗುಣ ಕಾಣಲು ಎರಡು ಮೂರು ತಿಂಗಳು ಬೇಕಾಯಿತು. ಜೊತೆಗೆ ಇಆರ್‌ಪಿ ಥೆರಪಿ: ಭಯ ಹುಟ್ಟಿಸುವುದರ ಎದುರು ತಪ್ಪಿಸಿಕೊಳ್ಳದೆ, ಸ್ವಲ್ಪ ಸ್ವಲ್ಪವಾಗಿ ಇರುವುದು. ಮೊದಲ ವಾರ ಈಳಿಗೆಮಣೆಯ ಫೋಟೋ ನೋಡಿದ್ದಷ್ಟೇ. ಅದಕ್ಕೇ ಅಂಗೈ ಬೆವರಿತ್ತು.

ಹೋದ ಸೋಮವಾರ ಮಗು ತೊಟ್ಟಿಲಲ್ಲಿತ್ತು. ನಾನು ಅದೇ ಕೋಣೆಯಲ್ಲಿ ಕೂತು ಹುರುಳಿಕಾಯಿ ಹೆಚ್ಚಿದೆ. ಯೋಚನೆ ಬಂತು. ಬರಲಿ ಎಂದು ಬಿಟ್ಟೆ. ಕಾಲು ಕೆಜಿ ಮುಗಿಯಿತು.

ಯಾರಿಗಾದರೂ ಹೀಗೇ ಆಗುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅತ್ತೆಗೆ ನಾನಿನ್ನೂ ಹೇಳಿಲ್ಲ.