‘ಗ್ಯಾಂಗು’ ಅನ್ನೋದಕ್ಕೆ ‘ಓಣಿ ದಂಡು’ ಆಗಬಹುದಾ?

ಗೆಳೆಯರೇ,

ಹುಡುಗರ ಗ್ಯಾಂಗುಗಳು ಮೊದಮೊದಲು ಹೇಗೆ ಹುಟ್ಟಿದವು ಅಂತ ಕಾಲೇಜು ಮಕ್ಕಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ನಿಂತುಬಿಟ್ಟೆ. ‘ಪುಂಡರ ಗುಂಪು’ ಎಂದು ಬರೆದು ಹೊಡೆದುಹಾಕಿದೆ. ಪುಂಡ ಅಂದ ಕೂಡಲೇ ತೀರ್ಪು ಕೊಟ್ಟ ಹಾಗಾಯಿತು, ಅಲ್ವಾ? ಆಮೇಲೆ ಕಾರಣ ಹೇಳಿದರೆ ಯಾರು ಕೇಳುತ್ತಾರೆ?

ಪಾಠದಲ್ಲಿ ಬರುವವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹುಡುಗರು. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರಲ್ಲ, ಅದೇ ಹತ್ತಿ ಮಿಲ್ಲುಗಳ ಊರು. 1870ರಿಂದ 1890ರ ದಶಕದವರೆಗೆ ಅಲ್ಲಿ ಇಂಥವರನ್ನು ‘ಸ್ಕಟ್ಲರ್’ ಎನ್ನುತ್ತಿದ್ದರು. ಹೆಚ್ಚಿನವರು 14ರಿಂದ 19ರ ಒಳಗಿನವರು. ಕೆಲಸವಿಲ್ಲದೆ ಅಲೆಯುತ್ತಿದ್ದವರಲ್ಲ, ದುಡಿಯುವ ಮಕ್ಕಳು. ದಿನವೆಲ್ಲ ದುಡಿದು ಬಂದರೆ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲ, ಆಡಲು ಬಯಲಿಲ್ಲ. ಉಳಿದದ್ದು ಓಣಿ. ಅದನ್ನು ಕಾಯೋದೇ ಗಂಡಸುತನವಾಯಿತು. ಓಣಿಯ ಹೆಸರೇ ಗುಂಪಿನ ಹೆಸರು: ಬೆಂಗಾಲ್ ಸ್ಟ್ರೀಟಿನವರು ‘ಬೆಂಗಾಲ್ ಟೈಗರ್ಸ್’. ಸೊಂಟದ ಬೆಲ್ಟನ್ನು ಕೈಗೆ ಸುತ್ತಿಕೊಂಡು ಹಿತ್ತಾಳೆ ಬಕಲಿನಿಂದ ಬಾರಿಸುತ್ತಿದ್ದರು. ಚಾಕುವೂ ಇರುತ್ತಿತ್ತು. ಅದನ್ನು ಮುಚ್ಚಿಡುವ ಪದವೂ ನನಗೆ ಬೇಡ.

ಷಿಕಾಗೋದ 1,313 ಗ್ಯಾಂಗುಗಳನ್ನು ಗಮನಿಸಿದ ಸಮಾಜಶಾಸ್ತ್ರಜ್ಞ ಫ್ರೆಡರಿಕ್ ಥ್ರ್ಯಾಷರ್ 1927ರಲ್ಲಿ ಹೇಳಿದ ಮಾತು ಇಲ್ಲಿ ಮುಖ್ಯ. ಮೊದಲು ಅದು ಸುಮ್ನೆ ಆಟದ ಗುಂಪು. ಯಾರಾದರೂ ಎದುರು ನಿಂತಾಗ, ಓಡಿಸಲು ಬಂದಾಗ ಬಿಗಿದುಕೊಂಡು ಗ್ಯಾಂಗು ಆಗುತ್ತದೆ. ಅಂದರೆ ಆಟ, ಜಗಳ ಎರಡೂ ಒಂದೇ ಪದದಲ್ಲಿರಬೇಕು.

‘ತಂಡ’ದಲ್ಲಿ ಜಗಳವಿಲ್ಲ. ಬೆಟಾಲಿಯನ್ನಿನಿಂದ ಬಂದ ‘ಪಟಾಲಂ’ಗೆ ಮುಂದೊಬ್ಬ ನಾಯಕ ಬೇಕು, ‘ಅವನ ಪಟಾಲಂ’ ಅಂತಲೇ ಅನ್ನೋದು. ‘ರೌಡಿ’ ಅಂದರೆ ಪೊಲೀಸ್ ಠಾಣೆಯ ಪಟ್ಟಿ ಕಣ್ಣಿಗೆ ಬರುತ್ತದೆ. ಹಾಗೆ ನೋಡಿದರೆ ‘ಗ್ಯಾಂಗ್’ ಪದಕ್ಕೇ ಮೊದಲು ಈ ಕಳಂಕ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ನಡಿಗೆ. ಆಮೇಲೆ ಒಟ್ಟಿಗೆ ದುಡಿಯುವ ಆಳುಗಳ ಗುಂಪು. ನಮ್ಮ ರೈಲ್ವೆ ಗ್ಯಾಂಗ್‌ಮನ್‌ನಲ್ಲಿ ಆ ಅರ್ಥ ಇನ್ನೂ ಉಳಿದಿದೆ.

ನನಗೆ ಮನಸ್ಸಾಗುತ್ತಿರುವುದು ‘ದಂಡು’. ‘ಹುಡುಗರ ದಂಡೇ ಬಂತಲ್ಲೋ’ ಎಂದು ಅಜ್ಜಿಯರು ಅಕ್ಕರೆಯಿಂದ ಅನ್ನುತ್ತಾರೆ. ದಂಡು ಅಂದರೆ ಸೈನ್ಯವೂ ಹೌದು. ‘ಓಣಿ ದಂಡು’ ಅಂದರೆ ಓದುವವರಿಗೆ ತಿಳಿಯುತ್ತದಾ?

ದಾವಣಗೆರೆಯ ಹಿರಿಯರಲ್ಲಿ ಇನ್ನೊಂದು ಕೇಳಬೇಕು. ಮಿಲ್ಲುಗಳು ನಡೆಯುತ್ತಿದ್ದಾಗ, ಶಿಫ್ಟ್ ಬಿಟ್ಟ ಮೇಲೆ ಕಟ್ಟೆ ಮೇಲೆ ಕೂರುತ್ತಿದ್ದ ಹುಡುಗರನ್ನು ನಿಮ್ಮ ಮನೆಗಳಲ್ಲಿ ಏನೆಂದು ಕರೆಯುತ್ತಿದ್ದರು? ಅದಕ್ಕಿಂತ ಜಾಸ್ತಿ ಬೇಕಾದದ್ದು, ಆ ಹುಡುಗರು ತಮ್ಮ ಗುಂಪಿಗೆ ತಾವೇ ಏನು ಹೇಳಿಕೊಳ್ಳುತ್ತಿದ್ದರು ಅನ್ನೋದು. ಚಿತ್ರದುರ್ಗದ ಕಡೆ ಬೇರೆ ಮಾತಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.